ಪ್ಲಗ್‌ಗೂ ಮೊದಲು ಮೀಟರ್

ಮಾನ್ಯರೇ,

ಹಳೆಯ ಹೋಮ್ ಕಂಪ್ಯೂಟರ್ ಉತ್ಸವಗಳ ವರದಿಗಳಲ್ಲಿ ‘ನಲವತ್ತು ವರ್ಷದ ಯಂತ್ರ ಇಂದಿಗೂ ಓಡುತ್ತಿದೆ’ ಎಂಬ ಮಾತು ತಪ್ಪುವುದಿಲ್ಲ. ಅದನ್ನು ಓದಿದವರು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ನೇರವಾಗಿ ಪ್ಲಗ್ ಸಿಕ್ಕಿಸುತ್ತಾರೆ. ಯಂತ್ರ ಸಾಯುವುದು ಬಹುಪಾಲು ಆಗಲೇ.

1982ರ ಕಮೊಡೋರ್ 64 ತೆಗೆದುಕೊಳ್ಳಿ. ಅದರ ಪವರ್ ಸಪ್ಲೈ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಕೊಡುತ್ತದೆ. ವೋಲ್ಟೇಜನ್ನು ಸ್ಥಿರವಾಗಿಡುವ ಒಳಗಿನ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಬೀಳುವ ಬದಲು ಏರುವುದುಂಟು. ಆ 5 ವೋಲ್ಟ್ ನೇರವಾಗಿ ರ‍್ಯಾಮ್ ಚಿಪ್‌ಗಳಿಗೇ ಹೋಗುವುದರಿಂದ ಮೊದಲು ಸುಡುವುದು ಅವೇ. ಸಪ್ಲೈಯನ್ನು ಯಂತ್ರಕ್ಕೆ ಜೋಡಿಸದೆ, 5 ಓಮ್, 10 ವ್ಯಾಟ್‌ನ ರೆಸಿಸ್ಟರ್ ಹೊರೆ ಕೊಟ್ಟು ಅರ್ಧ ಗಂಟೆ ಮೀಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. 4.75ರಿಂದ 5.25ರೊಳಗೆ ನಿಲ್ಲದಿದ್ದರೆ ಅದನ್ನು ಬಳಸಲೇಬೇಡಿ. ಇಂದು ಸರಿ ತೋರಿಸಿದ್ದು ನಾಳೆ ಏರಬಹುದು. ಹೊಸ ಸಪ್ಲೈ ಕೊಳ್ಳುವುದೇ ಜಾಣತನ.

ಬಿಬಿಸಿ ಮೈಕ್ರೋದ ಸಪ್ಲೈಯಲ್ಲಿ ಕಾಗದದ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಹೊರಕವಚ ಬಿರುಕು ಬಿಟ್ಟು, ಒಳಗೆ ತೇವ ಸೇರಿ, ಪವರ್ ಕೊಟ್ಟ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಏಳುತ್ತದೆ. ಅಷ್ಟೇ ಧಾರಕತೆಯ (ಕೆಪಾಸಿಟೆನ್ಸ್), ಮೇನ್ಸ್ ವಿದ್ಯುತ್ತಿಗೆ ತಕ್ಕ ಎಕ್ಸ್2 ಸುರಕ್ಷತಾ ದರ್ಜೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ಮುಗಿಯಿತು. ಅಮಿಗಾ 500 ಪ್ಲಸ್‌ನ ಬೋರ್ಡ್ ಮೇಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರದಂತೆ ಕಂಡರೂ ಕತ್ತರಿಸಿ ತೆಗೆಯಿರಿ. ಸೋರಿದ್ದರೆ ಅದು ಕ್ಷಾರ: ಮೊದಲು ವಿನೆಗರ್, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಝಡ್ಎಕ್ಸ್ ಸ್ಪೆಕ್ಟ್ರಮ್‌ಗೆ ಪವರ್ ಇರುವಾಗ ಹಿಂಬದಿಯ ಕನೆಕ್ಟರ್‌ಗೆ ಏನನ್ನೂ ಸಿಕ್ಕಿಸಬಾರದು, ಕೀಳಲೂಬಾರದು. ಒಳಗಿನ ಮೆಮೊರಿ ಚಿಪ್‌ಗಳಿಗೆ ಬೇಕಾದ ಮೈನಸ್ 5 ವೋಲ್ಟ್ ತಪ್ಪಿದರೆ 4116 ರ‍್ಯಾಮ್‌ಗಳು ಹೋದಂತೆಯೇ. ಜನಜಂಗುಳಿಯ ಮೇಜಿನ ಮೇಲೆ ಇದು ಸುಲಭವಾಗಿ ಆಗುವ ಅನಾಹುತ.

ಪ್ರೋಟೋಟೈಪ್‌ಗಳ, ಅಂದರೆ ಪ್ರಾಯೋಗಿಕ ಮಾದರಿಗಳ, ವಿಷಯವೇ ಬೇರೆ. ಮಾರುಕಟ್ಟೆಗೆ ಬಾರದೇ ಹೋದ ಕಮೊಡೋರ್ 65ರಂಥ ಯಂತ್ರದಲ್ಲಿ ಅಮೂಲ್ಯವಾದದ್ದು ಡಬ್ಬಿಯಲ್ಲ, ಅತಿನೇರಳೆ ಬೆಳಕಿನಿಂದ ಅಳಿಸಬಹುದಾದ ಮೆಮೊರಿ ಚಿಪ್ಪಾದ ಈಪ್ರಾಮ್‌ನಲ್ಲಿರುವ ಕೋಡ್. ಬೇರೆಲ್ಲೂ ಇರದ ಆವೃತ್ತಿ ಅದರಲ್ಲಿರಬಹುದು. ಚಿಪ್ಪಿನ ಗಾಜಿನ ಕಿಂಡಿಯ ಮೇಲಿನ ಚೀಟಿ ಉದುರಿದ್ದರೆ, ಬಿಸಿಲು ದಿನದಿಂದ ದಿನಕ್ಕೆ ಆ ಕೋಡನ್ನು ಅಳಿಸುತ್ತದೆ. ಕೈಬರಹದ ಹಳೆಯ ಚೀಟಿ ಕೀಳದೆ, ಫೋಟೊ ತೆಗೆದು, ಅದರ ಮೇಲೇ ಬೆಳಕು ತೂರದ ಟೇಪ್ ಅಂಟಿಸಿ. ಸಾಕೆಟ್‌ನಿಂದ ಎಬ್ಬಿಸುವಾಗ ಎರಡೂ ತುದಿಯಿಂದ ಸರದಿಯಲ್ಲಿ ತುಸುತುಸುವೇ ಎತ್ತಿ. ಒಂದೇ ಕಡೆ ಎಳೆದರೆ ತುಕ್ಕು ಹಿಡಿದ ಕಾಲು ಮುರಿಯುತ್ತದೆ. ಕೋಡ್ ಓದಿಕೊಳ್ಳುವ ಸಾಧನವಾದ ರೀಡರ್‌ನಲ್ಲಿ ಚಿಪ್ಪಿನ ಮಾದರಿ ಸರಿಯಾಗಿ ಆರಿಸಿ. 2532 ಮತ್ತು 2732 ಎರಡಕ್ಕೂ 24 ಕಾಲುಗಳೇ, ಜೋಡಣೆ ಮಾತ್ರ ಬೇರೆ. ಮೂರು ಸಲ ಓದಿಸಿ, ಮೂರೂ ಫೈಲ್ ಹೋಲಿಸಿ. ಒಂದು ಬೈಟ್ ಬದಲಾದರೂ ಕಾಲುಗಳನ್ನು ಸ್ವಚ್ಛಗೊಳಿಸಿ ಮತ್ತೆ ಓದಿಸಬೇಕು.

ಇಷ್ಟಾಗದೆ ಪ್ರೋಟೋಟೈಪ್‌ಗೆ ಪವರ್ ಕೊಡುವುದು ಉದ್ಧಟತನವೆಂದೇ ನನ್ನ ಅಭಿಪ್ರಾಯ, ನೋಡುಗರು ಎಷ್ಟೇ ಒತ್ತಾಯಿಸಲಿ. ಮುಚ್ಚಳ ತೆಗೆದ ಬೋರ್ಡನ್ನು ಗಾಜಿನೊಳಗಿಟ್ಟು, ಓದಿಸಿಕೊಂಡ ಕೋಡನ್ನು ಪಕ್ಕದಲ್ಲಿ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಓಡಿಸಿ ತೋರಿಸಬಹುದು. ಕೈಯಿಂದ ತಂತಿ ಬೆಸೆದು ತಿದ್ದಿದ ಬೋರ್ಡ್ ನೋಡುವುದೇ ಬಲ್ಲವರಿಗೆ ದೊಡ್ಡ ಹಬ್ಬ.

ಇಂತಿ,
ಹಳೆಯ ಕಂಪ್ಯೂಟರ್‌ಗಳ ರಿಪೇರಿ ಹವ್ಯಾಸಿ