ಮಳೆ ಹಿಡಿಯುವ ಮುಂಚೆ ಕಂಬ ನಿಲ್ಲಬೇಕು: ನಮ್ಮ ಶಾಲೆಯ ರೇಡಿಯೋಗೆ ದೇಣಿಗೆ ಮನವಿ

ಹಳೆ ವಿದ್ಯಾರ್ಥಿಗಳಿಗೆ, ಊರಿನ ಬಂಧುಗಳಿಗೆ ಟ್ರಸ್ಟಿನ ನಮಸ್ಕಾರ.

ಕಾಫಿ ಕೊಯ್ಲು ಮುಗಿಯಿತು. ಕಾಫಿ ಹೂ ಅರಳಿಸುವ ಹೂಮಳೆಯೂ ಒಂದು ಸುತ್ತು ಬಂದು ಹೋಯಿತು. ಜೂನ್‌ನಲ್ಲಿ ಮಳೆ ಹಿಡಿದರೆ ಗುಡ್ಡದ ಮೇಲೆ ಕಾಂಕ್ರೀಟ್ ಹಾಕೋದು ಆಗದ ಮಾತು. ಅದಕ್ಕೇ ಈ ಅವಸರದ ಪತ್ರ. ಸಮುದಾಯ ರೇಡಿಯೋದ, ಅಂದರೆ ಊರಿನವರೇ ಊರಿಗಾಗಿ ನಡೆಸುವ ರೇಡಿಯೋದ, ಅನುಮತಿ ಪತ್ರ ಕೈಗೆ ಬಂದಿದೆ, ಅದಕ್ಕೊಂದು ಗಡುವೂ ಇದೆ. ಆಂಟೆನಾದ ಕಂಬ ಮಾತ್ರ ಇನ್ನೂ ಎದ್ದಿಲ್ಲ.

ನಮ್ಮ ಶಾಲೆಯ ಕಥೆ ನಿಮಗೆ ಹೊಸದಲ್ಲ. ದೊಡ್ಡ ಮೇಷ್ಟ್ರು ಸೋಗೆ ಮಾಡಿನ ಕೆಳಗೆ ಶುರು ಮಾಡಿದ್ದು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಮಕ್ಕಳನ್ನು ಕೈಹಿಡಿದು ಕರೆತಂದದ್ದು, ಎಲ್ಲ ನೀವೇ ಕಂಡದ್ದು. ಹುಡುಗಿಯರ ಯಕ್ಷಗಾನ ತಂಡಕ್ಕೆ ಈಗ ಹೊರಜಿಲ್ಲೆಗಳಿಂದಲೂ ಕರೆ ಬರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬೇಡ ಬಿಡಿ, ಹೇಳಿದರೆ ಜಂಬ ಅಂತೀರಿ.

2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದಾಗ ಎಷ್ಟೋ ಮನೆಯವರು ಇದೇ ಶಾಲೆಯ ಹಾಲ್‌ನಲ್ಲಿ ಉಳಿದರು. ಅಡಿಗೆಯವರು ಹಗಲು ರಾತ್ರಿ ಗಂಜಿ ಬೇಯಿಸಿದರು. ಕರೆಂಟ್ ಇರಲಿಲ್ಲ, ಮೊಬೈಲ್ ಟವರ್ ಸತ್ತಿತ್ತು. ಶೆಲ್ಲಿನ ರೇಡಿಯೋ ಇದ್ದವರು ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಕೂತಿದ್ದರು. ಆದರೆ ನಮ್ಮ ಹಳ್ಳದ ಕಾಲುಸಂಕ ಕೊಚ್ಚಿಹೋದದ್ದು ಭದ್ರಾವತಿಯವರಿಗೆ ಹೇಗೆ ಗೊತ್ತಾಗಬೇಕು?

ಈಗಲೂ ಅದೇ ಪಾಡು. ಮಳೆ ಜಾಸ್ತಿ ಅಂತ ಡೀಸಿಯವರು ರಜೆ ಕೊಡುತ್ತಾರೆ. ಆ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಎಸ್ಟೇಟಿನ ಲೈನ್ ಮನೆಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಪಾಪ, ಆ ಮಕ್ಕಳು ಜಿಗಣೆ ಕಡಿಸಿಕೊಂಡು, ಹಳ್ಳ ದಾಟಿ, ಒದ್ದೆಯಾಗಿ ಬಂದು ಗೇಟಿಗೆ ಬೀಗ ನೋಡಿ ವಾಪಸ್ ನಡೆಯುತ್ತಾರೆ. ಆನೆ ಯಾವ ತೋಟದಲ್ಲಿ ನಿಂತಿದೆ ಅನ್ನೋದೂ ಅಷ್ಟೇ. ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಳಿಯೋದು ಕೊನೆಗೆ.

ನಮ್ಮದೇ ರೇಡಿಯೋ ಅಂದರೆ ಸುಮ್ನೆ ಹುಚ್ಚು ಸಾಹಸ ಅಂದುಕೊಳ್ಳಬೇಡಿ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 30 ವಾಟ್‌ನ ಟ್ರಾನ್ಸ್‌ಮಿಟರ್ (ಪ್ರಸಾರದ ಯಂತ್ರ) ಇಟ್ಟುಕೊಂಡು ತಮ್ಮ ಮನೆಯಿಂದಲೇ ರೇಡಿಯೋ ನಡೆಸಿದರು. ಕೋಲಾರದ ಬೂದಿಕೋಟೆಯ ಹಳ್ಳಿಯವರು ಪರವಾನಗಿ ಇಲ್ಲದ ಕಾಲದಲ್ಲಿ ಕೇಬಲ್ ವೈರಿನಲ್ಲೇ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. 2006ರಲ್ಲಿ ಕೇಂದ್ರ ಸರ್ಕಾರ ನಮ್ಮಂಥ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನೋಂದಣಿಯಾಗಿ 3 ವರ್ಷ ಆಗಿರಬೇಕು ಅನ್ನೋದು ಷರತ್ತು. ನಮ್ಮ ಟ್ರಸ್ಟಿನ ವಯಸ್ಸು ನಿಮಗೇ ಗೊತ್ತು!

ಸಾಫ್ಟ್‌ವೇರ್‌ಗೆ ನಮಗೆ ಒಂದು ಪೈಸೆ ಖರ್ಚಿಲ್ಲ. ಎಲ್ಲ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೇವೆ. ರೆಕಾರ್ಡಿಂಗು, ಎಡಿಟಿಂಗು ಅಡಾಸಿಟಿ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಒಂಬತ್ತನೇ ಕ್ಲಾಸಿನ ಮಕ್ಕಳು ಅದರಲ್ಲಿ ಕೆಮ್ಮು, ನಾಯಿ ಬೊಗಳಿದ್ದು, ಎಲ್ಲ ನೀಟಾಗಿ ಕತ್ತರಿಸುತ್ತಾರೆ. ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಅನ್ನೋದನ್ನು ಲಿಬ್ರೆಟೈಮ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಕ್ಯಾಲೆಂಡರ್ ತುಂಬಿದ ಹಾಗೆ ತುಂಬಿದರೆ ಸಾಕು, ಅದೇ ನುಡಿಸುತ್ತದೆ. ರಾತ್ರಿ ಯಾರೂ ಕಾಯಬೇಕಿಲ್ಲ. ಹಿರಿಯ ಹೆಂಗಸರ ಸೋಬಾನೆ ಪದಗಳು ಈಗಾಗಲೇ ಗಂಟೆಗಟ್ಟಲೆ ರೆಕಾರ್ಡ್ ಆಗಿವೆ.

ಟ್ರಾನ್ಸ್‌ಮಿಟರ್ ಮಾತ್ರ ಪುಕ್ಕಟೆ ಸಿಗುವ ವಸ್ತು ಅಲ್ಲ. ಮನೆಯಲ್ಲಿ ಬೆಸುಗೆ ಹಾಕಿ ಮಾಡೋಣ ಅಂದರೆ ಕಾನೂನು ಬಿಡಲ್ಲ. 100 ವಾಟ್ ಒಳಗಿನ ಶಕ್ತಿ, 30 ಮೀಟರ್ ಒಳಗಿನ ಕಂಬ, ಅಷ್ಟೇ ನಮಗಿರುವ ಮಿತಿ. ಎಫ್‌ಎಂ ಅಲೆ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಆಚೆ ಕಣಿವೆಗೆ ಇಳಿಯಲ್ಲ. ಅದಕ್ಕೇ ಕಂಬ ಶಾಲೆಯ ಅಂಗಳದಲ್ಲಿ ಬೇಡ, ಮೇಲಿನ ದಿಣ್ಣೆಯಲ್ಲೇ ಇರಲಿ ಅಂತ ಹಟ ಹಿಡಿದಿದ್ದೇವೆ. ದಿಣ್ಣೆ ಅಂದ ಮೇಲೆ ಸಿಡಿಲಿನ ಭಯವೂ ಇದೆ. ಅದನ್ನು ನೆಲಕ್ಕೆ ಇಳಿಸುವ ಅರ್ಥಿಂಗ್‌ಗೆ ಚೌಕಾಸಿ ಮಾಡುವಂತಿಲ್ಲ.

ಇದರ ಮಧ್ಯೆ ಕಳೆದ ಆಟಿ (ಆಷಾಢದ) ಮಳೆಗೆ ರೆಕಾರ್ಡಿಂಗ್ ಕೋಣೆಯ ಹೆಂಚು ಸರಿದು ನೀರು ಸೀದಾ ದನಿ ಹದ ಮಾಡುವ ಮಿಕ್ಸರ್ ಮೇಲೆ ಇಳಿಯಿತು. ಮಿಕ್ಸರ್ ಹೋಯಿತು. ಗೋಡೆಗೆ ಹೊಡೆದಿದ್ದ ತೆಂಗಿನ ನಾರಿನ ಚಾಪೆಗಳೂ ಬೂಷ್ಟು ಹಿಡಿದವು. ಮಕ್ಕಳು ಈಗ ಲೈಬ್ರರಿಯ ಮೂಲೆಯಲ್ಲಿ ಕಂಬಳಿ ಹೊದ್ದು ರೆಕಾರ್ಡ್ ಮಾಡುತ್ತಿದ್ದಾರೆ. ದನಿ ಚೆನ್ನಾಗೇ ಬರುತ್ತದೆ ಅನ್ನೋದು ಬೇರೆ ಮಾತು.

ಟ್ರಾನ್ಸ್‌ಮಿಟರ್, ಆಂಟೆನಾ, ಕಂಬ, ಅರ್ಥಿಂಗ್, ಬ್ಯಾಟರಿ, ಸೋಲಾರ್, ಕೋಣೆಯ ಮಾಡು, ಎಲ್ಲ ಸೇರಿ ಹೆಚ್ಚುಕಮ್ಮಿ 12 ಲಕ್ಷ. ಸುಮಾರು ಅರ್ಧ ಒಟ್ಟಾಗಿದೆ. ಬೆಳೆಗಾರರು ಕಾಳುಮೆಣಸು ಮಾರಿದ ಕೂಡಲೇ ಕೊಡುತ್ತೇವೆ ಅಂದಿದ್ದಾರೆ. ಆದರೆ ಕಂಬದವರಿಗೆ ಮುಂಗಡ ಈಗಲೇ ಕೊಡಬೇಕು. ಐನೂರೂ ಆಗುತ್ತದೆ, ಐವತ್ತು ಸಾವಿರವೂ ಆಗುತ್ತದೆ. ದುಡ್ಡಿನ ಬದಲು ಸಿಮೆಂಟು, ಜಲ್ಲಿ, ಜೀಪಿನ ಬಾಡಿಗೆ ವಹಿಸಿಕೊಂಡರೂ ಸಂತೋಷವೇ.

ಹಣವನ್ನು ಶಾಲೆಯ ಆಫೀಸಿನಲ್ಲೇ ಕೊಡಿ, ಇಲ್ಲವೇ ಟ್ರಸ್ಟಿನ ಖಾತೆಗೆ ಹಾಕಿ. ಕೈಯಲ್ಲಿ ಯಾರಿಗೂ ಕೊಡಬೇಡಿ. ರಸೀದಿ ತಪ್ಪದೇ ತೆಗೆದುಕೊಳ್ಳಿ. ಹಳೆ ಲ್ಯಾಪ್‌ಟಾಪ್, ಹೆಡ್‌ಫೋನ್, ಶೆಲ್ಲಿನ ರೇಡಿಯೋ ಇದ್ದರೆ ಅವನ್ನೂ ತನ್ನಿ. ಡಬ್ಬಿಯಂಥ ಹಳೆ ಮಾನಿಟರ್ ಮಾತ್ರ ದಯವಿಟ್ಟು ಬೇಡ. ಇಡೋಕೆ ಜಾಗ ಇಲ್ಲ.

ಇತಿ,
ಟ್ರಸ್ಟಿಗಳು