ಪಹಣಿಯಲ್ಲಿ ಹೆಸರಿಲ್ಲದವರನ್ನೂ ಕೇಳು

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನೀನು ಸಮಾಜಶಾಸ್ತ್ರ ಎಂ.ಎ. ಸೇರಿದ್ದು ಕೇಳಿ ಬಹಳ ಖುಷಿಯಾಯಿತು. "ಭೂಮಿ ಬಿಸಿಯಾಗುವುದು ವಿಜ್ಞಾನಿಗಳ ವಿಷಯ, ಅದರಲ್ಲಿ ನಮಗೇನು ಕೆಲಸ?" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಪತ್ರ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂದದ್ದು ನೆನಪಿದೆ ಅಲ್ವಾ? ಗಿಡ ನಿಂತಲ್ಲೇ ಒಣಗಿತು. ಕೃಷಿ ವಿಜ್ಞಾನಿಗಳು ಮಣ್ಣಿನಲ್ಲಿರುವ ಶಿಲೀಂಧ್ರವನ್ನು ತೋರಿಸಿದರು. ಅದು ನಿಜ. ಆದರೆ ವರ್ಷ ವರ್ಷ ಅದೇ ಹೊಲಕ್ಕೆ ತೊಗರಿಯನ್ನೇ ಯಾಕೆ ಹಾಕುತ್ತೇವೆ? ನಡುವೆ ಇರುತ್ತಿದ್ದ ಜೋಳ, ಹೆಸರು, ಉದ್ದಿನ ಸಾಲುಗಳು ಯಾಕೆ ಕಡಿಮೆಯಾದವು? ಸಾಲ ಎಲ್ಲಿಂದ ಬಂತು, ಬಜಾರಿನಲ್ಲಿ ಯಾವುದಕ್ಕೆ ದರ ಇದೆ, ಕಳೆ ತೆಗೆಯಲು ಆಳು ಸಿಗುತ್ತಾರಾ, ಮಣ್ಣಿನ ಗತಿಯನ್ನು ಇವೂ ತೀರ್ಮಾನ ಮಾಡುತ್ತವೆ. ಇದನ್ನು ನೋಡುವವರು ಸಮಾಜಶಾಸ್ತ್ರ ಓದುವ ನೀವೇ. ಪರಿಹಾರದ ಮಾತು ಬಂದಾಗ ಪಹಣಿ ನೋಡುತ್ತಾರೆ. ಬಾಯಿಮಾತಿನ ಲಾವಣಿ ಮೇಲೆ, ಅಂದರೆ ಗುತ್ತಿಗೆಗೆ, ಹೊಲ ಮಾಡಿದವನ ಹೆಸರು ಅದರಲ್ಲಿ ಇರುವುದಿಲ್ಲ. ಬೆಳೆ ಹೋಗುವುದು ಅವನದು, ರೊಕ್ಕ ಬರುವುದು ಹೊಲದ ಮಾಲೀಕನ ಖಾತೆಗೆ. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮನುಷ್ಯ ಭೂಮಿಯನ್ನೇ ಬದಲಿಸಿಬಿಟ್ಟ ಈ ಕಾಲವನ್ನು ಆಂಥ್ರೊಪೊಸೀನ್ ಎಂದು ಕರೆಯೋಣ ಎಂದು 2000ದಲ್ಲಿ ಪಾಲ್ ಕ್ರುಟ್ಸೆನ್ ಮತ್ತು ಯೂಜೀನ್ ಸ್ಟೋರ್ಮರ್ ಎಂಬ ವಿಜ್ಞಾನಿಗಳು ಹೇಳಿದರು. 2024ರಲ್ಲಿ ಭೂವಿಜ್ಞಾನಿಗಳ ಸಂಘಟನೆ ಅದನ್ನು ಅಧಿಕೃತ ಯುಗವೆಂದು ಒಪ್ಪಲಿಲ್ಲ. ಆ ವಾದ ಅವರಿಗಿರಲಿ. "ಮನುಷ್ಯ ಮಾಡಿದ" ಎಂದು ಎಲ್ಲಾದರೂ ಓದಿದರೆ, ಯಾವ ಮನುಷ್ಯ ಎಂದು ನೀನು ಕೇಳು. ಮೇ ತಿಂಗಳಲ್ಲಿ ಏಸಿ ಹಾಕಿಕೊಂಡು ಮಲಗುವವರನ್ನೂ ಶಹಾಬಾದ್ ಕಲ್ಲಿನ ಗಣಿಯಲ್ಲಿ ಬಿಸಿಲಿಗೆ ಕಲ್ಲು ಒಡೆಯುವವರನ್ನೂ ಒಂದೇ ಲೆಕ್ಕಕ್ಕೆ ಹಾಕಬಾರದು.

ಎಲಿನಾರ್ ಆಸ್ಟ್ರಮ್ ಅವರನ್ನು ಓದು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, 2009ರಲ್ಲಿ. ನೀರು, ಕಾಡು, ಹುಲ್ಲುಗಾವಲು ಬಳಸುವ ಜನರೇ ಕೂತು ನಿಯಮ ಮಾಡಿಕೊಂಡು ಅವನ್ನು ಕಾಪಾಡಬಲ್ಲರು ಎಂದು ತೋರಿಸಿಕೊಟ್ಟರು. ಆದರೆ ನಮ್ಮ ಊರುಗಳಲ್ಲಿ ಆ ನಿಯಮ ಮಾಡಲು ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ, ಅದನ್ನೂ ಬರಿ. ಜಾತಿಯ ಮಾತು ಬಿಟ್ಟು ಇಲ್ಲಿನ ನೀರಿನ ಬಗ್ಗೆ ಬರೆದರೆ ಅದು ಅರ್ಧ ಬರಹ.

ದೀಪಾವಳಿಗೆ ಬಾ. ತೊಗರಿ ಹೂ ಬಿಟ್ಟಿರುತ್ತದೆ. ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳ ಜೊತೆ ಮೊದಲು ಮಾತಾಡು, ಗೌಡರ ಮನೆಗೆ ಆಮೇಲೆ ಹೋಗುವಿಯಂತೆ. ಪ್ರಶ್ನೆ ಬರೆದ ಹಾಳೆ ಮೊದಲ ದಿನ ಚೀಲದಲ್ಲೇ ಇರಲಿ, ಸುಮ್ನೆ ಅವರ ಮಾತು ಕೇಳು.

ಇಂತಿ,
ನಿನ್ನ ಕಾಕಾ