ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮೊದಲು ಮನೆಯ ಮಕ್ಕಳನ್ನು ಕೇಳಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತಿದೆ, ಹಳೇ ಕಂಪ್ಯೂಟರ್ ಇನ್ನು ಅಪಾಯ, ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದು ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಒಂದು ಬರಹ ಬಂದಿತ್ತು. ಅದು ಬಂದ ಎರಡೇ ದಿನಕ್ಕೆ ನಮ್ಮ ನೆರೆಮನೆಯ ನಿವೃತ್ತ ಮಾಷ್ಟ್ರು ಕೈಯಲ್ಲಿ ಒಂದು ಕೊಟೇಶನ್ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಹೊಸ ಕಂಪ್ಯೂಟರ್‌ಗೆ 38 ಸಾವಿರ, ಆಂಟಿವೈರಸ್‌ಗೆ ಬೇರೆ ದುಡ್ಡು. "ಎಂತ ಮಾಡುವುದು ಮಾರಾಯ್ರೇ, ಪೇಪರಲ್ಲೂ ಹಾಗೇ ಬರೆದಿದ್ದಾರೆ, ಅಂಗಡಿಯವರೂ ಹಾಗೇ ಹೇಳ್ತಾರೆ" ಅಂದರು. ನಮ್ಮ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ಎಷ್ಟು ಮನೆಗಳಲ್ಲಿ ಇದೇ ಮಾತು ನಡೆಯುತ್ತಿರಬಹುದು ಅಂತ ಅನಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಕಲಿತವನಲ್ಲ, ಅಡಿಕೆ ತೋಟದವನು. ಆದರೆ ಹದಿನೈದು ವರ್ಷದಿಂದ ಸುತ್ತಮುತ್ತಲಿನವರ ಕೆಟ್ಟ ಕಂಪ್ಯೂಟರ್‌ಗಳೆಲ್ಲ ನಮ್ಮ ಜಗಲಿಗೇ ಬರುವುದು.

ಮೊದಲು ಒಪ್ಪುವುದನ್ನು ಒಪ್ಪುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದು ಹೌದು. ಮಾಷ್ಟ್ರದ್ದು 2015ರಲ್ಲಿ ತೆಗೆದ ಕಂಪ್ಯೂಟರ್, ಅದಕ್ಕೆ ವಿಂಡೋಸ್ 11 ಹಾಕಲು ಆಗುವುದಿಲ್ಲ ಅನ್ನುವುದೂ ಹೌದು. ಟಿಪಿಎಂ 2.0 ಅನ್ನುವ ಸುರಕ್ಷತೆಯ ಸೌಲಭ್ಯ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಧಾರಣ 8ನೇ ತಲೆಮಾರಿನ ಮೇಲಿನದ್ದಾಗಬೇಕು. ಆದರೆ ಬರಹದಲ್ಲಿ ಬಾರದೇ ಇದ್ದದ್ದು ಏನೆಂದರೆ, ಮನೆ ಬಳಕೆಯವರಿಗೆ ಇನ್ನೊಂದು ವರ್ಷದ ಸುರಕ್ಷಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಕೊಡುತ್ತದೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಬೇಡ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಲಿಂಕ್ ಕಾಣುತ್ತದೆ. ಉಸಿರು ಬಿಡಲು ಅಷ್ಟು ಸಮಯ ಉಂಟು ಅಲ್ವಾ.

ಇನ್ನು ಆಂಟಿವೈರಸ್ ವಿಷಯ. ವಿಂಡೋಸ್ ಒಳಗೇ ಡಿಫೆಂಡರ್ ಅಂತ ಒಂದು ಇದೆ, ಪುಕ್ಕಟೆ. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅದು ಎಷ್ಟೋ ಸಲ ಪೂರ್ಣ ಅಂಕ ತೆಗೆದಿದೆ. ವಿಂಡೋಸ್ 10ರಲ್ಲೂ ಅದಕ್ಕೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಹಾಗಂತ ಅದೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ಅಪ್‌ಡೇಟ್ ನಿಂತ ವಿಂಡೋಸ್‌ಗೆ ಬರೀ ಆಂಟಿವೈರಸ್ ಹಾಕುವುದೆಂದರೆ ಬೇಲಿ ಮುರಿದ ತೋಟದಲ್ಲಿ ನಾಯಿ ಕಟ್ಟಿದ ಹಾಗೆ. ನಾಯಿ ಬೊಗಳುತ್ತದೆ, ಹಂದಿ ಬರುವ ದಾರಿಯಲ್ಲಿ ಬಂದೇ ಬರುತ್ತದೆ.

ಮಾಷ್ಟ್ರ ಕಂಪ್ಯೂಟರ್‌ನಲ್ಲಂತೂ ನಾಯಿಯ ಬಾಯಿಯನ್ನೇ ಕಟ್ಟಿಹಾಕಿದ್ದರು. ಅದನ್ನು ನೋಡಿದ ಮೇಲೆಯೇ ನನಗೆ ನಿಜಕ್ಕೂ ಸಿಟ್ಟು ಬಂದದ್ದು. ಹಿಂದೆ ಒಮ್ಮೆ ರಿಪೇರಿಗೆ ಕೊಟ್ಟಾಗ ಯಾರೋ ಕದ್ದ ವಿಂಡೋಸ್ ಹಾಕಿ, ಲೈಸೆನ್ಸ್ ಇದ್ದ ಹಾಗೆ ತೋರಿಸುವ ಆಕ್ಟಿವೇಟರ್ ಅಂತ ಒಂದನ್ನು ಕೂರಿಸಿದ್ದರು. ಡಿಫೆಂಡರ್ ಅದನ್ನು ಬಿಡುವುದಿಲ್ಲವಲ್ಲ, ಅದಕ್ಕೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಗೆ, ಅಂದರೆ "ಇದನ್ನು ಪರೀಕ್ಷೆ ಮಾಡಬೇಡ" ಅನ್ನುವ ಪಟ್ಟಿಗೆ, ಇಡೀ ಸಿ ಡ್ರೈವನ್ನೇ ಸೇರಿಸಿ ಬಿಟ್ಟಿದ್ದರು. ಇಡೀ ಸಿ ಡ್ರೈವ್! ಅಷ್ಟು ವರ್ಷ ಹಸಿರು ಟಿಕ್ ತೋರಿಸುತ್ತಿತ್ತು, ಮಾಷ್ಟ್ರು ನಿಶ್ಚಿಂತೆಯಿಂದ ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡುತ್ತಿದ್ದರು. ನಿಮ್ಮ ಮನೆಯ ವಿಂಡೋಸ್ ಸೆಕ್ಯೂರಿಟಿ ತೆರೆದು ಆ ಪಟ್ಟಿ ಒಮ್ಮೆ ನೋಡಿ. ನೀವೇ ಹಾಕದ ಹೆಸರು ಅಲ್ಲಿ ಏನಾದರೂ ಇದ್ದರೆ ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಇನ್ನೊಬ್ಬರ ಅಭಿಪ್ರಾಯವೂ ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಇದೆ, ನೀವು ಹೇಳಿದಾಗ ಮಾತ್ರ ಹುಡುಕುತ್ತದೆ, ಸದಾ ಹಿಂದೆ ಕೂತು ಕಂಪ್ಯೂಟರ್ ನಿಧಾನ ಮಾಡುವುದಿಲ್ಲ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮಾಷ್ಟ್ರು ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷ ಇಲ್ಲದೆ ಕೂತು ಯಕ್ಷಗಾನದ ಪಾತ್ರಗಳ ಮಾತು ಆಡುವವರು. ಅರ್ಥದ ಟಿಪ್ಪಣಿಗಳನ್ನು ವರ್ಷಗಳಿಂದ ಟೈಪ್ ಮಾಡಿ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದರು, ಮುನ್ನೂರು ಪುಟ ಇರಬಹುದು. ಎಲ್ಲೋ ಪ್ರಿಂಟ್ ತೆಗೆಸಲು ಹೋಗಿ ಬಂದ ಮೇಲೆ ನೋಡಿದರೆ ಫೈಲ್‌ಗಳೆಲ್ಲ ಮಾಯ, ಬಾಣದ ಗುರುತಿನ ಒಂದು ಶಾರ್ಟ್‌ಕಟ್ ಮಾತ್ರ. "ಫಾರ್ಮ್ಯಾಟ್ ಮಾಡಬೇಕು" ಅಂತ ಯಾರೋ ಹೇಳಿದ್ದರಂತೆ, ಪುಣ್ಯಕ್ಕೆ ಮಾಡಿರಲಿಲ್ಲ. ನಾನು ಏನು ಮಾಡುವುದು ಅಂತ ತಲೆ ಕೆರೆಯುತ್ತಿರುವಾಗ, ಒಂಬತ್ತನೇ ಕ್ಲಾಸಿನ ಅವರ ಮೊಮ್ಮಗಳು "ಅಜ್ಜ, ಅದು ಶಾಲೆಯಲ್ಲೂ ಒಮ್ಮೆ ಆಗಿತ್ತು, ಅಲ್ಲಿಯ ಕಂಪ್ಯೂಟರಿಗೆ ಹಾಕಿದರೆ ಕಾಣ್ತದೆ" ಅಂದಳು. ಮರುದಿನ ಟೀಚರ ಹತ್ತಿರ ಕೇಳಿ ಶಾಲೆಯ ಸಿಸ್ಟಂ, ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನುವ ಉಚಿತ ತಂತ್ರಾಂಶ, ಇದ್ದ ಇನ್ನೊಂದು ಪೆನ್‌ಡ್ರೈವ್ ತಂದಳು. ಅದರಿಂದಲೇ ಅಜ್ಜನ ಕಂಪ್ಯೂಟರ್ ಆನ್ ಮಾಡಿ, ಹಾಳಾದ ಪೆನ್‌ಡ್ರೈವ್ ಚುಚ್ಚಿದಳು. ಕರ್ಣಪರ್ವದಿಂದ ಹಿಡಿದು ವಾಲಿವಧೆಯವರೆಗೆ ಎಲ್ಲ ಫೈಲುಗಳು ಸಾಲಾಗಿ ಕೂತಿದ್ದವು. ಫೈಲುಗಳು ಎಲ್ಲಿಗೂ ಹೋಗಿರಲಿಲ್ಲ. ವೈರಸ್ ಅವುಗಳಿಗೆ ವಿಂಡೋಸ್‌ನ "ಅಡಗಿಸು" ಅನ್ನುವ ಗುರುತು ಹಾಕಿತ್ತು ಅಷ್ಟೇ. ಲಿನಕ್ಸ್ ಆ ಗುರುತಿಗೆ ಬೆಲೆ ಕೊಡುವುದಿಲ್ಲ, ವಿಂಡೋಸ್‌ಗೆ ಬರೆದ ಆ ವೈರಸ್ ಅಲ್ಲಿ ಓಡುವುದೂ ಇಲ್ಲ.

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರಿ ಯೋಜನೆ ಐಟಿ@ಸ್ಕೂಲ್ ಶುರುವಾದದ್ದು 2001ರಲ್ಲಿ, ಈಗ ಅದೇ ಕೈಟ್ ಅನ್ನುವ ಸಂಸ್ಥೆ. ನಮ್ಮ ಶಾಲೆಗಳ ಲ್ಯಾಬ್‌ನಲ್ಲಿ ಇರುವುದು ವಿಂಡೋಸ್ ಅಲ್ಲ, ಉಬುಂಟು ಆಧಾರದ ಕೈಟ್ ಗ್ನು ಲಿನಕ್ಸ್. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಅದರಲ್ಲೇ. ಕನ್ನಡ ಮಾಧ್ಯಮದ ನಮ್ಮ ಮಕ್ಕಳೂ ಅದೇ ಲ್ಯಾಬ್‌ನಲ್ಲಿ ಕೂತು ಕಾಗದಪತ್ರ ಬರೆಯುವ ಲಿಬ್ರೆ ಆಫೀಸು, ಚಿತ್ರ ತಿದ್ದುವ ಜಿಂಪು, ಗಣಿತದ ಜಿಯೋಜೆಬ್ರಾ ಕಲಿಯುತ್ತಾರೆ. ಗಡಿನಾಡಿನವರಿಗೆ ಅದು ಸಿಗಲಿಲ್ಲ, ಇದು ಸಿಗಲಿಲ್ಲ ಅಂತ ನಾವು ಬರೆಯುವ ಪತ್ರಗಳಿಗೆ ಲೆಕ್ಕವಿಲ್ಲ, ಅದರಲ್ಲಿ ನನ್ನವೂ ಉಂಟು. ಆದರೆ ಬೆಂಗಳೂರಿನಲ್ಲಿ ಓದುವ ನನ್ನ ತಂಗಿಯ ಮಗನಿಗೆ ಗೊತ್ತಿಲ್ಲದ ಒಂದು ವಿದ್ಯೆ ಇಲ್ಲಿಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಗೊತ್ತು. ನಾವು ಮಾಡುವುದೇನು? ಶಾಲೆಯಲ್ಲಿ ಸ್ವಚ್ಛವಾದದ್ದನ್ನು ಕಲಿತು ಬಂದ ಮಗುವಿಗೆ ಮನೆಯಲ್ಲಿ ಕದ್ದ ವಿಂಡೋಸ್ ಹಾಕಿಸಿ ಕೊಡುತ್ತೇವೆ, ಅದಕ್ಕೆ ಐನೂರು ರೂಪಾಯಿಯನ್ನೂ ಕೊಡುತ್ತೇವೆ.

ಕೈಟ್‌ನ ವೆಬ್‌ಸೈಟಿನಿಂದ ಆ ಸಿಸ್ಟಂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮಕ್ಕಳಿರುವ ಮನೆಗೆ ಅದೇ ಸಾಕು. ದೊಡ್ಡವರಿಗೆ, ವಿಂಡೋಸ್ ನೋಡಿ ಅಭ್ಯಾಸ ಆದ ಕಣ್ಣಿಗೆ, ನಾನು ಲಿನಕ್ಸಿನದ್ದೇ ಇನ್ನೊಂದು ರೂಪ ಲಿನಕ್ಸ್ ಮಿಂಟ್ ಹೇಳುತ್ತೇನೆ. ಸ್ಟಾರ್ಟ್ ಬಟನ್ ಇರುವ ಮೂಲೆಯಲ್ಲೇ ಮೆನು ಇರುತ್ತದೆ. ಅದರ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಉಂಟು, 4 ಜಿಬಿ ರ್‍ಯಾಮ್ ಇದ್ದರೆ ಆರಾಮ, ಅದಕ್ಕಿಂತ ಕಡಿಮೆ ಇದ್ದರೆ ಅದರದ್ದೇ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿ. 8 ಜಿಬಿಯ ಒಂದು ಪೆನ್‌ಡ್ರೈವ್‌ಗೆ ಅದನ್ನು ಬರೆದು, ಅಲ್ಲಿಂದಲೇ ಓಡಿಸಿ ನೋಡಬಹುದು. ಹಿಡಿಸದಿದ್ದರೆ ಪೆನ್‌ಡ್ರೈವ್ ತೆಗೆದರಾಯ್ತು, ಹಳೇ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಹೀಗೆ ನೋಡುವಾಗಲೇ ಪ್ರಿಂಟರ್, ವೈಫೈ, ಸ್ಪೀಕರ್ ಎಲ್ಲ ಕೆಲಸ ಮಾಡುತ್ತದಾ ಅಂತ ಪರೀಕ್ಷಿಸಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅವಸರ ಮಾಡಬೇಡಿ, ಅವರಿಗೆ ವಿಂಡೋಸೇ ವಾಸಿ.

ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳದ್ದು ಒಂದು ತಲೆನೋವು ಇದ್ದೇ ಇದೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕರ್ಣನ ಮಾತೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಒಮ್ಮೆ ಕೂತು ತಿದ್ದಬೇಕು. ಹೊಸದಾಗಿ ಟೈಪ್ ಮಾಡಲು ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಇದೆ, ನುಡಿಯ ಕೈ ಇದ್ದವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ.

ವಿಂಡೋಸ್‌ನಲ್ಲೇ ಇರುವವರಿಗೆ ಎರಡು ಮಾತು. ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ, ಹೆಸರಿನಲ್ಲಿ "ಒರಿಜಿನ್" ಇರಲೇಬೇಕು. ಫೈರ್‌ಫಾಕ್ಸ್‌ನಲ್ಲಿ ಅದು ಪೂರ್ತಿ ಕೆಲಸ ಮಾಡುತ್ತದೆ, ಕ್ರೋಮ್‌ನಲ್ಲಿ ಈಗ ಸಿಗುವುದು ಲೈಟ್ ಆವೃತ್ತಿ. ಅದನ್ನು ಬರೆದ ರೇಮಂಡ್ ಹಿಲ್ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ, ಅಂಥ ಜನವೂ ಇದ್ದಾರೆ. ಜಾಹೀರಾತು ಕಾಣದಿದ್ದರೆ ಸುಳ್ಳು ಡೌನ್‌ಲೋಡ್ ಬಟನ್ ಕೂಡ ಕಾಣುವುದಿಲ್ಲ, ಅರ್ಧ ಕಷ್ಟ ಅಲ್ಲೇ ಹೋಯ್ತು. ವಿಎಲ್‌ಸಿ, 7-ಜಿಪ್, ಲಿಬ್ರೆ ಆಫೀಸ್ ಎಲ್ಲ ಉಚಿತವೇ, ಆದರೆ ಅವುಗಳ ಸ್ವಂತ ಸೈಟಿನಿಂದ ಮಾತ್ರ ಇಳಿಸಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನಿಂದ ಅಲ್ಲ. ಇಳಿಸಿದ ಫೈಲಿನ ಮೇಲೆ ಸಂಶಯ ಇದ್ದರೆ ವೈರಸ್‌ಟೋಟಲ್‌ಗೆ ಹಾಕಿ, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. ಆಧಾರ್, ಬ್ಯಾಂಕ್ ಕಾಗದ ಮಾತ್ರ ಅಲ್ಲಿಗೆ ಹಾಕಬೇಡಿ, ಹಾಕಿದ ಫೈಲುಗಳು ಬೇರೆಯವರಿಗೂ ಸಿಗುತ್ತವೆ.

ಕಂಪ್ಯೂಟರ್ "ಕ್ಲೀನ್" ಮಾಡುವ ಸಾಫ್ಟ್‌ವೇರ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಕಳ್ಳರು ಕೈ ಹಾಕಿ ವೈರಸ್ ಸೇರಿಸಿದ್ದರು, ಅದೂ ಕಂಪನಿಯ ಸ್ವಂತ ಸರ್ವರ್‌ನಲ್ಲೇ, ಸುಮಾರು 22 ಲಕ್ಷಕ್ಕೂ ಜಾಸ್ತಿ ಜನರ ಕಂಪ್ಯೂಟರ್‌ಗೆ ಅದು ಹೋಗಿತ್ತು. ಜಾಗ ಖಾಲಿ ಮಾಡಲು ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಸಾಕು. ನಿಧಾನ ಆಗಿದ್ದರೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನು ನಿಲ್ಲಿಸಿ. ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿ. "ಕಾಷನ್" ಅಂತ ಹಳದಿ ಬಣ್ಣ ಬಂದರೆ ಮೊದಲು ಫೋಟೋಗಳನ್ನು ಬೇರೆ ಕಡೆ ತೆಗೆದಿಡಿ, ಉಳಿದದ್ದೆಲ್ಲ ಆಮೇಲೆ.

ಸಾಫ್ಟ್‌ವೇರ್ ಅಲ್ಲದ ಒಂದು ಕಥೆಯನ್ನೂ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮ ಫೋನ್ ಮಾಡಿ, "ಯಾವ ಸೈಟ್ ತೆರೆದರೂ ಕನೆಕ್ಷನ್ ಸುರಕ್ಷಿತ ಅಲ್ಲ ಅಂತ ಬರ್ತದೆ, ಯಾರೋ ಹ್ಯಾಕ್ ಮಾಡಿದ್ದಾರೆ" ಅಂತ ಅಳುವುದೊಂದು ಬಾಕಿ. ಹೋಗಿ ನೋಡಿದರೆ ಕಂಪ್ಯೂಟರ್‌ನ ಗಡಿಯಾರ 2012ನೇ ಇಸವಿಗೆ ಹೋಗಿದೆ. ಒಳಗೆ ಸಿಆರ್ 2032 ಅಂತ ನಾಣ್ಯದ ಹಾಗಿನ ಒಂದು ಬ್ಯಾಟರಿ ಇರುತ್ತದೆ, ಅದು ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದೆ ಹೋಗುವುದು, ತಾರೀಕು ತಪ್ಪಿದರೆ ಸೈಟ್‌ಗಳ ಗುರುತಿನ ಸರ್ಟಿಫಿಕೇಟಿನ ಅವಧಿಯ ಲೆಕ್ಕ ತಪ್ಪುವುದು. ಒಂದು ಬ್ಯಾಟರಿಯಲ್ಲಿ ಹ್ಯಾಕರ್ ಓಡಿಹೋದ.

ಮಳೆಗಾಲ ಅಂದದ್ದಕ್ಕೆ ನೆನಪಾಯಿತು. ನಮ್ಮಲ್ಲಿ ವೈರಸ್‌ಗಿಂತ ಜಾಸ್ತಿ ಕಂಪ್ಯೂಟರ್ ಕೊಂದದ್ದು ಸಿಡಿಲು. ಪ್ಲಗ್ ತೆಗೆದವರು ಮೋಡೆಮ್‌ನಿಂದ ಬರುವ ಕೇಬಲ್ ತೆಗೆಯಲು ಮರೆಯುತ್ತಾರೆ. ಹಾಗಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ತಿಂಗಳಿಗೊಮ್ಮೆ ಪ್ರತಿ ತೆಗೆದು, ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಸಿಡಿಲಿಗೂ ಅದು ಸಿಗುತ್ತದೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್‌ಗೂ ಸಿಗುತ್ತದೆ. ಪಾಸ್‌ವರ್ಡ್‌ಗಳಿಗೆ ಅವನ್ನು ಬೀಗ ಹಾಕಿ ಇಡುವ ಕೀಪಾಸ್ ಎಕ್ಸ್‌ಸಿ ಒಳ್ಳೆಯದು. ಆದರೆ ಮಾಷ್ಟ್ರ ವಯಸ್ಸಿನವರು ಡೈರಿಯಲ್ಲಿ ಬರೆದಿಟ್ಟರೂ ನಾನು ಬೈಯುವುದಿಲ್ಲ, ಎಲ್ಲ ಕಡೆ ಮೊಮ್ಮಗಳ ಹೆಸರನ್ನೇ ಇಡುವುದಕ್ಕಿಂತ ಡೈರಿ ಮೇಲು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆಯಿಂದ ಎರಡು ದಿನ ಸುಮ್ನೆ ಕೂರಬೇಡಿ.

ನಿಮ್ಮಲ್ಲಿ ಒಂದು ವಿನಂತಿ. ಹೊಸದು ತೆಗೆದುಕೊಳ್ಳಿ ಅನ್ನುವ ಬರಹಕ್ಕೆ ಕೊಟ್ಟಷ್ಟೇ ಜಾಗವನ್ನು ಹಳೆಯದನ್ನು ಉಳಿಸುವ ಬರಹಕ್ಕೂ ಕೊಡಿ. ಕಾಸರಗೋಡಿನ ಯಾವುದಾದರೂ ಕನ್ನಡ ಶಾಲೆಯ ಲಿಟಲ್ ಕೈಟ್ಸ್ ಅನ್ನುವ ಐಟಿ ಕ್ಲಬ್ಬಿನ ಮಕ್ಕಳ ಹತ್ತಿರವೇ ಬರೆಸಿ, ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಮಾಷ್ಟ್ರು ಕೊಟೇಶನ್‌ನ ಹಿಂಬದಿಯಲ್ಲಿ ಈಗ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ. ಕಂಪ್ಯೂಟರ್‌ಗೆ ಮಿಂಟ್ ಹಾಕಿ ಮೂರು ವಾರ ಆಯಿತು. ಬಂದ ದೂರು ಒಂದೇ, "ಇಸ್ಪೀಟಿನ ಆಟ ಎಲ್ಲಿ ಹೋಯ್ತು?" ಅಂತ. ಐಸಲ್‌ರಯಟ್ ಅಂತ ಒಂದಿದೆ, ಮೊಮ್ಮಗಳು ಅದನ್ನೂ ಹಾಕಿಕೊಟ್ಟಳು.

ಇತಿ,
ಪೆರ್ಲದ ಒಬ್ಬ ಓದುಗ
ಕಾಸರಗೋಡು ಜಿಲ್ಲೆ